ದಿನಾ ವಾಕಿಂಗ್ ಮಾಡುವ ಮಾವನಿಗೆ ನೆಲದಿಂದ ಏಳೋಕೆ ಆಗಲಿಲ್ಲ. ನಮ್ಮ ಬಡಾವಣೆಯಲ್ಲಿ ಹಿರಿಯರ ವ್ಯಾಯಾಮದ ಗುಂಪು ಶುರು ಮಾಡಬೇಕು, ಹೇಗೆ ಹೇಳಿ

ಹಾಸನದ ಸೊಸೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಮಾವನವರಿಗೆ 74 ವರ್ಷ. ನಿವೃತ್ತಿ ಆದ ದಿನದಿಂದ ಮಹಾರಾಜ ಪಾರ್ಕಿಗೆ ವಾಕಿಂಗ್ ಹೋಗುತ್ತಾರೆ. ಚಳಿಗಾಲದಲ್ಲಿ ಮಂಜು ಕವಿದಿದ್ದರೂ ಮಂಕಿ ಕ್ಯಾಪ್ ಹಾಕಿಕೊಂಡು ಹೊರಡುವವರು. ಅವರ ಆರೋಗ್ಯದ ಬಗ್ಗೆ ನಮಗೆ ಚಿಂತೆಯೇ ಇರಲಿಲ್ಲ. ಹೋದ ತಿಂಗಳು ಅರಕಲಗೂಡಿನ ಕಡೆ ನೆಂಟರ ಮನೆಯಲ್ಲಿ ತಿಥಿ ಊಟ. ನೆಲದ ಮೇಲೆ ಪಂಕ್ತಿ ಹಾಕಿದ್ದರು. ಊಟ ಮುಗಿದು ಎಲ್ಲರೂ ಕೈ ತೊಳೆಯೋಕೆ ಎದ್ದರು. ಮಾವ ಏಳಲಿಲ್ಲ. ಎಂಜಲ ಕೈ ಮೇಲೆ ಹಿಡಿದುಕೊಂಡು, ಇನ್ನೊಂದು ಕೈ ನೆಲಕ್ಕೆ ಊರಿ ಎರಡು ಸಲ ಪ್ರಯತ್ನ ಮಾಡಿದರು. ಆಗಲಿಲ್ಲ. ಕೊನೆಗೆ ಇಬ್ಬರು ಹುಡುಗರು ಕಂಕುಳಿಗೆ ಕೈ ಹಾಕಿ ಎಬ್ಬಿಸಿದರು. ವಾಪಸ್ ಬರುವಾಗ ಕಾರಲ್ಲಿ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದ ಮೇಲೆ "ಇನ್ನು ಪಂಕ್ತಿ ಊಟಕ್ಕೆಲ್ಲ ನನ್ನ ಕರೀಬೇಡಮ್ಮ" ಅಂದರು.

ಅತ್ತೆಯದು ಬೇರೆ ಕಥೆ. 69 ವರ್ಷ, ಶುಗರ್ ಇದೆ. ನಾನು ಕೆಲಸಕ್ಕೆ ಹೋಗುವವಳು. ಬೆಳಗ್ಗೆ ಮಕ್ಕಳ ಡಬ್ಬಿ ಕಟ್ಟೋದು ಅವರೇ. ಮಾವ ಪಾರ್ಕಲ್ಲಿ ಸುತ್ತು ಹಾಕುವ ಹೊತ್ತಿಗೆ ಅವರು ಒಲೆ ಮುಂದೆ ನಿಂತಿರುತ್ತಾರೆ. ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಆದರೆ ಧೈರ್ಯ ಹೋಯಿತು. ಈಗ ಗೇಟು ದಾಟೋದೇ ಕಡಿಮೆ. ಪಾರ್ಕಿನಲ್ಲಿ ಬೆಳಗ್ಗೆ ನೋಡಿದ್ದೇನೆ. ಗಂಡಸರೇ ಜಾಸ್ತಿ. ಅತ್ತೆ ವಯಸ್ಸಿನ ಹೆಂಗಸರು ಬೆರಳೆಣಿಕೆ.

ನಮ್ಮ ಬಡಾವಣೆಯಲ್ಲಿ ಒಂದು ಸಮುದಾಯ ಭವನ ಇದೆ. ಮದುವೆ, ನಾಮಕರಣ ಇಲ್ಲದ ದಿನ ಬೀಗ ಹಾಕಿರುತ್ತೆ. ಅಲ್ಲಿ ವಾರಕ್ಕೆ ಮೂರು ದಿನ ಹಿರಿಯರನ್ನು ಸೇರಿಸಿ ಏನಾದರೂ ಮಾಡಿಸಬೇಕು ಅಂತ ಮನಸ್ಸು. ಏನು ಮಾಡಿಸಬೇಕು, ಯಾವ ಹೊತ್ತು ಒಳ್ಳೇದು, ಹೆಂಗಸರನ್ನು ಹೊರಡಿಸೋದು ಹೇಗೆ? ಅನುಭವ ಇರುವವರು ಹೇಳಿ.


ರತ್ನಗಿರಿ ಬೋರೆ ವಾಕರ್, ಚಿಕ್ಕಮಗಳೂರು

ಒಳ್ಳೆ ಕೆಲಸಕ್ಕೆ ಕೈ ಹಾಕಿದ್ದೀರಿ ಮೇಡಂ. ನನಗೆ 67. ರತ್ನಗಿರಿ ಬೋರೆಯಲ್ಲಿ ನಾವು ಹದಿನಾಲ್ಕು ಜನ ಒಟ್ಟಿಗೆ ನಡೆಯುತ್ತೇವೆ. ಆರು ವರ್ಷ ಆಯಿತು. ಎರಡು ವಿಷಯ ಹೇಳುತ್ತೇನೆ.

ಒಂದು, ಮಳೆ. ನಮ್ಮ ಊರಲ್ಲಿ ಜೂನ್ ಹಿಡಿದರೆ ಸೆಪ್ಟೆಂಬರ್ ತನಕ ಬೆಳಗಿನ ವಾಕಿಂಗ್ ನೆಚ್ಚಿಕೊಳ್ಳೋಕೆ ಆಗಲ್ಲ. ಮೊದಲ ವರ್ಷ ಮಳೆಗೆ ಗುಂಪು ಚದುರಿತು. ಅಕ್ಟೋಬರಲ್ಲಿ ಮತ್ತೆ ಸೇರಿದಾಗ ಮೂರು ಜನಕ್ಕೆ ಮೊದಲಿನಷ್ಟು ದೂರ ನಡೆಯೋಕೆ ಆಗಲಿಲ್ಲ. ನಾಲ್ಕು ತಿಂಗಳಲ್ಲಿ ಕಾಲು ಅಷ್ಟು ಸೋತಿತ್ತು. ಅದಕ್ಕೇ ಸೂರು ಇರುವ ಜಾಗ ಮೊದಲು ಗಟ್ಟಿ ಮಾಡಿಕೊಳ್ಳಿ. ನಿಮ್ಮ ಭವನ ಸಿಕ್ಕರೆ ಅರ್ಧ ಗೆದ್ದ ಹಾಗೆ.

ಇನ್ನೊಂದು, ಹಾಜರಿ. ನಮ್ಮಲ್ಲಿ ಒಬ್ಬರು ಇದ್ದಕ್ಕಿದ್ದಂತೆ ಬರೋದು ಬಿಟ್ಟರು. ಮಗಳ ಮನೆಗೆ ಹೋಗಿರಬೇಕು ಅಂದುಕೊಂಡು ಸುಮ್ನೆ ಇದ್ದೆವು. ಮೂರು ವಾರದ ಮೇಲೆ ಮನೆಗೆ ಹೋದರೆ ಕತ್ತಲೆ ಕೋಣೆಯಲ್ಲಿ ಮಲಗಿದ್ದರು. ಹೆಂಡತಿ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ಊಟ ಸರಿಯಾಗಿ ಮಾಡುತ್ತಿರಲಿಲ್ಲ. ನಾವು ಕೇಳದೆ ಇದ್ದದ್ದು ನನಗೆ ಇವತ್ತಿಗೂ ಚುಚ್ಚುತ್ತೆ. ಅಂದಿನಿಂದ ಎರಡು ದಿನ ಯಾರು ಬರದಿದ್ದರೂ ಮೂರನೇ ದಿನ ಒಬ್ಬರು ಅವರ ಮನೆ ಬಾಗಿಲಿಗೆ ಹೋಗಲೇಬೇಕು. ಫೋನ್ ಸಾಲದು, ಬಾಗಿಲಿಗೇ ಹೋಗಬೇಕು. ಅವರು ಈಗ ನಮಗಿಂತ ಮುಂಚೆ ಬಂದು ಕಲ್ಲುಬೆಂಚಿನ ಮೇಲೆ ಕೂತಿರುತ್ತಾರೆ.


ಫಿಸಿಯೋಥೆರಪಿಸ್ಟ್, ಹಾಸನ

ನಿಮ್ಮ ಮಾವನವರಿಗೆ ಆದದ್ದು ನಾನು ವಾರಕ್ಕೆ ನಾಲ್ಕೈದು ಸಲ ಕೇಳುವ ಕಥೆ. "ದಿನಾ ನಡೀತೀನಿ ಡಾಕ್ಟ್ರೇ, ಆದ್ರೂ ಯಾಕೆ ಹೀಗೆ?" ಅಂತ ಕೇಳುತ್ತಾರೆ.

ಕಾರಣ ಇಷ್ಟೇ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇಕಡಾ 3ರಿಂದ 8ರಷ್ಟು ಮಾಂಸಖಂಡ ಕರಗುತ್ತಾ ಬರುತ್ತೆ. ಅರವತ್ತರ ನಂತರ ಇನ್ನೂ ಜೋರು. ಸಮತಟ್ಟು ದಾರಿಯಲ್ಲಿ ನಡೆಯೋದು ಹೃದಯಕ್ಕೆ, ಶುಗರಿಗೆ, ಮನಸ್ಸಿಗೆ ತುಂಬಾ ಒಳ್ಳೇದು. ಆದರೆ ನೆಲದಿಂದ ಏಳೋಕೆ ತೊಡೆ ಮತ್ತು ಪಿರ್ರೆಯ ಖಂಡಗಳಿಗೆ ಬಲ ಬೇಕು. ನಡಿಗೆ ಅವುಗಳಿಗೆ ಅಷ್ಟು ಕೆಲಸ ಕೊಡಲ್ಲ. ನಮ್ಮ ಅಜ್ಜಿಯರು ಕುಕ್ಕರಗಾಲಲ್ಲಿ ಕೂತು ಪಾತ್ರೆ ತೊಳೆದರು, ನೆಲದಲ್ಲಿ ಕೂತು ಈಳಿಗೆಮಣೆ ಮೇಲೆ ತರಕಾರಿ ಹೆಚ್ಚಿದರು. ದಿನಕ್ಕೆ ಇಪ್ಪತ್ತು ಸಲ ಕೂತು ಏಳುತ್ತಿದ್ದರು. ನಾವು ಮನೆಗೆ ಸೋಫಾ, ಕಟ್ಟೆ ಒಲೆ, ಕಮೋಡ್ ತಂದೆವು. ಅದರಲ್ಲಿ ತಪ್ಪಿಲ್ಲ, ಮಂಡಿ ನೋವಿದ್ದವರಿಗೆ ಅವು ಬೇಕು. ಆದರೆ ಕೂತು ಏಳುವ ಅಭ್ಯಾಸ ಅದರ ಜೊತೆ ಹೊರಟುಹೋಯಿತು.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದನ್ನು ಕೇಳಿ. 65 ದಾಟಿದವರು ವಾರಕ್ಕೆ 150ರಿಂದ 300 ನಿಮಿಷ ಸ್ವಲ್ಪ ಏದುಸಿರು ಬರುವ ಹಾಗೆ ನಡೆಯಬೇಕು ಅಥವಾ ಅದಕ್ಕೆ ಸಮನಾದ ಕೆಲಸ ಮಾಡಬೇಕು. ಜನ ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ಮುಂದೆ ಇನ್ನೂ ಎರಡು ಮಾತಿದೆ. ವಾರಕ್ಕೆ ಕನಿಷ್ಠ ಎರಡು ದಿನ ಮಾಂಸಖಂಡ ಬಲಪಡಿಸುವ ವ್ಯಾಯಾಮ, ಮೂರು ದಿನ ಬ್ಯಾಲೆನ್ಸ್ ಮತ್ತು ಬಲ ಎರಡೂ ಸೇರಿದ ವ್ಯಾಯಾಮ. ಬೀಳದೆ ಇರೋಕೆ ಈ ಎರಡೇ ಮುಖ್ಯ. 65 ದಾಟಿದವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ವರ್ಷಕ್ಕೆ ಒಂದು ಸಲವಾದರೂ ಬೀಳುತ್ತಾರೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಮನೆಯಲ್ಲೇ ಮಾಡುವ ಇಂಥ ವ್ಯಾಯಾಮವನ್ನು ಹಿರಿಯರಿಗೆ ಕಲಿಸಿ ನೋಡಿದರು. ಬೀಳೋದು ಶೇಕಡಾ 35ರಷ್ಟು ಕಡಿಮೆ ಆಯಿತು. ಯಾವ ಯಂತ್ರವೂ ಇಲ್ಲ. ಕಾಲಿಗೆ ಕಟ್ಟುವ ತೂಕ, ಹಿಡಿದುಕೊಳ್ಳೋಕೆ ಒಂದು ಕಟ್ಟೆ, ಅಷ್ಟೇ.

ನಿಮ್ಮ ಗುಂಪಿಗೆ ಮೊದಲ ದಿನ ಒಂದು ಪರೀಕ್ಷೆ ಮಾಡಿ. ಕೈ ಇಲ್ಲದ ಗಟ್ಟಿ ಕುರ್ಚಿ, ಗೋಡೆಗೆ ಒತ್ತಿ ಇಡಿ. ಎರಡೂ ಕೈ ಎದೆ ಮೇಲೆ ಕಟ್ಟಿಕೊಂಡು 30 ಸೆಕೆಂಡಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಣಿಸಿ. 70ರಿಂದ 74 ವರ್ಷದ ಗಂಡಸರಿಗೆ 12ಕ್ಕಿಂತ ಕಡಿಮೆ, ಹೆಂಗಸರಿಗೆ 10ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಜಾಸ್ತಿ ಅಂತ ಲೆಕ್ಕ. ಕೈ ಊರದೆ ಏಳೋಕೇ ಆಗದಿದ್ದರೆ ಸೊನ್ನೆ ಬರೆದುಕೊಳ್ಳಿ, ಅದಕ್ಕೆ ಬೇಜಾರು ಬೇಡ. ಆ ಅಂಕಿಯನ್ನು ಯಾರಿಗೂ ಜೋರಾಗಿ ಓದಿ ಹೇಳಬೇಡಿ. ಎರಡು ತಿಂಗಳಾದ ಮೇಲೆ ಅವರವರಿಗೇ ತೋರಿಸಿ.

ಆಮೇಲೆ ಇವಿಷ್ಟು ಸಾಕು. ಕುರ್ಚಿಯಿಂದ ಎದ್ದು ಕೂರೋದು, ಎಂಟು ಹತ್ತು ಸಲ. ಕೂರುವಾಗ ದೊಪ್ಪಂತ ಕೂರಬಾರದು, ನಿಧಾನ ಇಳಿಯಬೇಕು. ಆ ಇಳಿಯುವಾಗಲೂ ಬಲ ಬರುತ್ತೆ. ಗೋಡೆ ಹಿಡಿದು ಹಿಮ್ಮಡಿ ಎತ್ತೋದು. ಕುರ್ಚಿ ಬೆನ್ನು ಹಿಡಿದು ಕಾಲನ್ನು ಪಕ್ಕಕ್ಕೆ ಎತ್ತೋದು, ಆಯ ತಪ್ಪಿದಾಗ ತಡೆಯೋದು ಸೊಂಟದ ಪಕ್ಕದ ಖಂಡಗಳೇ. ಭವನದ ಒಂದು ಮೆಟ್ಟಿಲು ಹತ್ತಿ ಇಳಿಯೋದು. ಒಂದು ಪಾದದ ಬೆರಳಿಗೆ ಇನ್ನೊಂದು ಪಾದದ ಹಿಮ್ಮಡಿ ಮುಟ್ಟಿಸಿ ಹತ್ತು ಸೆಕೆಂಡ್ ನಿಲ್ಲೋದು. ಇದಕ್ಕೆ ಪಕ್ಕದಲ್ಲಿ ಒಬ್ಬರು ಇರಲೇಬೇಕು. ಸುಲಭ ಅನ್ನಿಸತೊಡಗಿದಾಗ ಅರ್ಧ ಕೆಜಿ ಅಕ್ಕಿ ಬಟ್ಟೆಚೀಲಕ್ಕೆ ತುಂಬಿ ಕಾಲಿಗೆ ಕಟ್ಟಿ. ಸುಲಭವಾದ ಮೇಲೂ ಅದನ್ನೇ ಅಷ್ಟೇ ಮಾಡುತ್ತಾ ಕೂತರೆ ಬಲ ಹೆಚ್ಚಲ್ಲ. ಹೆಚ್ಚಿನ ಗುಂಪುಗಳು ಸೋಲೋದು ಇಲ್ಲೇ. ಗಾಳಿಯಲ್ಲಿ ಕೈ ಆಡಿಸಿ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ.


ಆಲೂರಿನ ಮೊಮ್ಮಗ

ಇದು ನಮ್ಮಜ್ಜಿ ಹೇಳಿದ್ದು. ಅವರ ಮಾತನ್ನು ನಾನು ಟೈಪ್ ಮಾಡುತ್ತಿದ್ದೇನೆ.

"ನಂಗೆ ಎರಡೂ ಮಂಡಿ ಸವೆದೈತೆ ಅಂತ ಹೇಳವ್ರೆ. ಸವೆದಿದ್ದನ್ನ ಇನ್ನೂ ಉಜ್ಜಿದ್ರೆ ಇನ್ನೂ ಸವೆಯಲ್ವಾ ತಾಯಿ? ನಮ್ಮನೆ ಬಂಡಿ ಚಕ್ರ ಹಂಗೇ ಆಗಿದ್ದು."


ಫಿಸಿಯೋಥೆರಪಿಸ್ಟ್, ಹಾಸನ

ಅಜ್ಜಿಗೆ ನನ್ನ ನಮಸ್ಕಾರ ಹೇಳಪ್ಪ. ಅವರು ಕೇಳಿದ್ದು ಎಲ್ಲರ ಮನಸ್ಸಲ್ಲೂ ಇರುವ ಪ್ರಶ್ನೆ.

ಅಜ್ಜಿ, ಬಂಡಿ ಚಕ್ರಕ್ಕೆ ಜೀವ ಇಲ್ಲ. ನಿಮ್ಮ ಮಂಡಿಗೆ ಇದೆ. ಕೀಲಿನೊಳಗಿನ ಮೃದ್ವಸ್ಥಿಗೆ, ಅಂದರೆ ಮೂಳೆ ತುದಿಯ ಮೆತ್ತನೆ ಪದರಕ್ಕೆ, ನೇರವಾಗಿ ರಕ್ತ ಬರಲ್ಲ. ಕೀಲು ಆಡಿದಾಗಲೇ ಒಳಗಿನ ದ್ರವ ಹರಿದು ಅದಕ್ಕೆ ಆಹಾರ ಸಿಗೋದು. ಮೇಲಾಗಿ ತೊಡೆ ಮುಂಭಾಗದ ಖಂಡ ಗಟ್ಟಿಯಾದರೆ ಮಂಡಿ ಮೇಲೆ ಬೀಳುವ ಭಾರವನ್ನು ಅದು ಹಂಚಿಕೊಳ್ಳುತ್ತೆ. ಮಂಡಿ ಸವೆತಕ್ಕೆ ವ್ಯಾಯಾಮವೇ ಮೊದಲ ಚಿಕಿತ್ಸೆ ಅನ್ನೋದರಲ್ಲಿ ವೈದ್ಯರಿಗೆ ಈಗ ಅನುಮಾನ ಇಲ್ಲ. ಕುರ್ಚಿ ಮೇಲೆ ಕೂತು ಒಂದು ಕಾಲು ನೇರ ಮಾಡಿ, ತೊಡೆ ಬಿಗಿ ಹಿಡಿದು ಐದು ಎಣಿಸಿ, ಇಳಿಸಿ. ಹತ್ತು ಸಲ. ಆಮೇಲೆ ಇನ್ನೊಂದು ಕಾಲು. ಸ್ವಲ್ಪ ನೋವು ಬಂದರೆ ಹೆದರಬೇಡಿ. ಮಾರನೇ ದಿನಕ್ಕೂ ನೋವು ಜಾಸ್ತಿ ಉಳಿದರೆ, ಮಂಡಿ ಊದಿಕೊಂಡರೆ, ಆಗ ಕಡಿಮೆ ಮಾಡಿ. ಬಿಡಬೇಡಿ, ಕಡಿಮೆ ಮಾಡಿ.


ವಿದ್ಯಾನಗರದ ಮಗ, ಹಾಸನ

ನನ್ನದೊಂದು ಆತಂಕ. 2025ರ ಜೂನ್, ಜುಲೈನಲ್ಲಿ ನಮ್ಮ ಜಿಲ್ಲೆಯಲ್ಲಿ ಒಂದರ ಹಿಂದೆ ಒಂದು ಹೃದಯಾಘಾತದ ಸುದ್ದಿ ಬಂತಲ್ಲ. ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತಿದ್ದು ಎಲ್ಲರಿಗೂ ನೆನಪಿದೆ. ನಮ್ಮ ತಂದೆ ಆಗ ವಾಕಿಂಗ್ ನಿಲ್ಲಿಸಿದವರು ಇನ್ನೂ ಶುರು ಮಾಡಿಲ್ಲ. "ನಡೀವಾಗ ದಾರೀಲಿ ಬಿದ್ದರೆ?" ಅನ್ನುತ್ತಾರೆ. ದಿನಪೂರ್ತಿ ಟಿವಿ ಮುಂದೆ. ತೂಕ ಆರು ಕೆಜಿ ಏರಿದೆ. ಏನು ಹೇಳಿ ಒಪ್ಪಿಸಲಿ?


ನರ್ಸಮ್ಮ, ಸಕಲೇಶಪುರ

ನಾನು ಮೂವತ್ತು ವರ್ಷ ಸ್ಟಾಫ್ ನರ್ಸ್ ಆಗಿದ್ದವಳು. ನಿಮ್ಮ ತಂದೆಯ ಭಯ ಸುಳ್ಳಲ್ಲ, ಅದನ್ನು ತಳ್ಳಿಹಾಕಬೇಡಿ. ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಬಿಪಿ, ಶುಗರ್, ಇಸಿಜಿ ಮಾಡಿಸಿ. ಅವರ ಬಾಯಿಂದಲೇ "ನಡೀಬಹುದು" ಅನ್ನಿಸಿ. ಮಗ ಹೇಳಿದ್ದಕ್ಕಿಂತ ಡಾಕ್ಟರು ಹೇಳಿದ ಒಂದು ಮಾತಿಗೆ ಆ ವಯಸ್ಸಲ್ಲಿ ತೂಕ ಜಾಸ್ತಿ.

ಆಮೇಲೆ ಹತ್ತು ನಿಮಿಷದಿಂದ ಶುರು ಮಾಡಿ, ವಾರಕ್ಕೆ ಎರಡು ಮೂರು ನಿಮಿಷ ಏರಿಸಿ. ನಡೆಯುವಾಗ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಅದೇ ಅಳತೆ. ಮಾತೂ ಆಡೋಕೆ ಆಗದಷ್ಟು ಏದುಸಿರು ಬಂದರೆ ನಿಧಾನ ಮಾಡಿ. ಎದೆ ಹಿಂಡಿದ ಹಾಗೆ, ಎಡಗೈಗೋ ದವಡೆಗೋ ನೋವು, ತಣ್ಣನೆ ಬೆವರು, ಇದರಲ್ಲಿ ಯಾವುದು ಬಂದರೂ ಅಲ್ಲೇ ಕೂರಿಸಿ 108ಕ್ಕೆ ಫೋನ್ ಮಾಡಿ. ಶುಗರ್ ಇರುವವರಿಗೆ ಕೆಲವು ಸಲ ನೋವೇ ಗೊತ್ತಾಗಲ್ಲ. ಬರೀ ಉಸಿರು ಕಟ್ಟುತ್ತೆ, ಬೆವರು ಬರುತ್ತೆ. "ಗ್ಯಾಸ್ ಇರಬೇಕು" ಅಂತ ಮನೆಗೆ ಹೋಗಿ ಮಲಗಬೇಡಿ. ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಈಗ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. ಅಲ್ಲೇ ಇಸಿಜಿ ತೆಗೆದು, ಬೇಕಾದರೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ.

ಹಾಸನದ ಸೊಸೆಗೆ ಇನ್ನೂ ಕೆಲವು ಮಾತು. ಅತ್ತೆಗೆ ಶುಗರ್ ಇದೆ ಅಂದಿರಿ. ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಂಡು ಬರೀ ಹೊಟ್ಟೆಯಲ್ಲಿ ವ್ಯಾಯಾಮ ಮಾಡಿದರೆ ಶುಗರ್ ಇಳಿದುಹೋಗುತ್ತೆ. ಕೈ ನಡುಕ, ಬೆವರು, ತಲೆ ಮಂಕು. ಭವನದಲ್ಲಿ ಸಕ್ಕರೆ ಡಬ್ಬಿ, ನೀರು ಯಾವಾಗಲೂ ಇರಲಿ. ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, ಹದಿನೈದು ನಿಮಿಷ ನೋಡಿ. ಪಾದ ಜೋಮು ಹಿಡಿದವರನ್ನು ಬರಿಗಾಲಲ್ಲಿ ನಡೆಸಬೇಡಿ. ಕೆಲವು ಪಾರ್ಕಲ್ಲಿ ಕಲ್ಲು ಚುಚ್ಚುವ ಹಾದಿ ಮಾಡಿರುತ್ತಾರಲ್ಲ, ಅದರ ಮೇಲೆ ಅಂಥವರು ನಡೆದು ಗಾಯ ಆದದ್ದೇ ಗೊತ್ತಾಗದೆ, ಕೊನೆಗೆ ಬೆರಳು ಕಳೆದುಕೊಂಡವರನ್ನು ನಾನೇ ಡ್ರೆಸಿಂಗ್ ಮಾಡಿದ್ದೇನೆ. ಆ ನೆನಪಿಗೆ ಈಗಲೂ ಕಣ್ಣು ತುಂಬುತ್ತೆ.

ಬಿಪಿ ಮಾತ್ರೆ ತಿನ್ನುವವರು ಎದ್ದ ಕೂಡಲೇ ಕಣ್ಣು ಕತ್ತಲೆ ಬರುತ್ತೆ ಅಂದರೆ ಮಲಗಿದ್ದಾಗ ಒಂದು ಸಲ, ಎದ್ದು ನಿಂತ ಮೂರು ನಿಮಿಷದೊಳಗೆ ಒಂದು ಸಲ ಬಿಪಿ ನೋಡಿಸಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಡಾಕ್ಟರಿಗೆ ಹೇಳಬೇಕು. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಬಚ್ಚಲಲ್ಲಿ ಬೀಳುವ ಎಷ್ಟೋ ಜನ ನೀರಿಗೆ ಜಾರಿ ಬಿದ್ದವರಲ್ಲ, ತಲೆ ಸುತ್ತಿ ಬಿದ್ದವರು. ಅತ್ತೆಯನ್ನು ಒಂದು ಸಲ ಕೇಳಿ ನೋಡಿ.


ಹಾಸನದ ಸೊಸೆ

ಕೇಳಿದೆ. ಒಂದು ವರ್ಷ ಆದ ಮೇಲೆ ಈವತ್ತು ಹೇಳಿದರು. ರಾತ್ರಿ ಎರಡು ಗಂಟೆಗೆ ಎದ್ದು ಹೋದಾಗ ಕಣ್ಣು ಕತ್ತಲೆ ಬಂತಂತೆ. "ನೀವೆಲ್ಲ ಗಾಬರಿ ಆಗ್ತೀರಾ ಅಂತ ಹೇಳಲಿಲ್ಲ" ಅಂದರು. ನಾಳೆಯೇ ತೋರಿಸುತ್ತೇನೆ. ನರ್ಸಮ್ಮ, ನಿಮಗೆ ಹೇಗೆ ಧನ್ಯವಾದ ಹೇಳಲಿ.


ಯೋಗ ಕಲಿಸುವವಳು, ಚಿಕ್ಕಮಗಳೂರು

ಇಲ್ಲಿ ಯಾರೂ ಯೋಗದ ಹೆಸರೇ ಎತ್ತಿಲ್ಲ, ನನಗೆ ಸ್ವಲ್ಪ ಬೇಸರ ಆಯಿತು. ಫಿಸಿಯೋದವರು ಹೇಳಿದ್ದರಲ್ಲಿ ಅರ್ಧ ನಮ್ಮಲ್ಲೇ ಇದೆ ಅಲ್ವಾ? ತಾಡಾಸನದಲ್ಲಿ ಹಿಮ್ಮಡಿ ಎತ್ತುತ್ತೇವೆ. ವೃಕ್ಷಾಸನ ಒಂಟಿಕಾಲಿನ ಬ್ಯಾಲೆನ್ಸ್. ಉತ್ಕಟಾಸನ ಅಂದರೆ ಇಲ್ಲದ ಕುರ್ಚಿಯಲ್ಲಿ ಕೂರೋದು. 2015ರಿಂದ ಪ್ರತಿ ಜೂನ್ 21ರ ಯೋಗ ದಿನಕ್ಕೆ ಮೈದಾನದಲ್ಲಿ ಹಿರಿಯರು ಎಷ್ಟು ಆಸೆಯಿಂದ ಬಂದು ಕೂರುತ್ತಾರೆ. ಅವರಿಗೆ ಗೊತ್ತಿರುವ, ಪ್ರೀತಿ ಇರುವ ಹೆಸರಿನಿಂದ ಕರೆದರೆ ಬೇಗ ಬರುತ್ತಾರೆ.

ಆದರೆ ನಮ್ಮವರಿಗೂ ಒಂದು ಮಾತು ಹೇಳಲೇಬೇಕು. ಇಪ್ಪತ್ತರ ಹುಡುಗರಿಗೆ ಮಾಡಿಸುವುದನ್ನೇ ಎಪ್ಪತ್ತರವರಿಗೂ ಮಾಡಿಸಬೇಡಿ. ಗ್ಲಾಕೋಮಾ ಇರುವವರಿಗೆ ಶೀರ್ಷಾಸನ, ಸರ್ವಾಂಗಾಸನ ಬೇಡ, ಕಣ್ಣಿನ ಒತ್ತಡ ಏರುತ್ತೆ. ಬಿಪಿ ಹತೋಟಿಯಲ್ಲಿ ಇಲ್ಲದವರಿಗೆ, ಹರ್ನಿಯಾ ಇರುವವರಿಗೆ ಜೋರು ಕಪಾಲಭಾತಿ, ಉಸಿರು ಕಟ್ಟಿ ಹಿಡಿಯೋದು ಬೇಡ. ಮೂಳೆ ಟೊಳ್ಳಾದವರು ಬೆನ್ನು ಬಾಗಿಸಿ ಮುಂದೆ ಬಗ್ಗಬಾರದು, ಬೆನ್ನುಮೂಳೆ ಕುಸಿಯಬಹುದು. ನಾನು ಕಲಿಯುವಾಗ ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಈಗ ಕುರ್ಚಿ ಹಿಡಿದು, ಗೋಡೆ ಹಿಡಿದು ಮಾಡಿಸುತ್ತೇನೆ. ಕೊನೆಗೆ ಹತ್ತು ನಿಮಿಷ ಉಸಿರಾಟ, ಐದು ನಿಮಿಷ ಕಣ್ಣುಮುಚ್ಚಿ ಕೂರೋದು. ಅದಕ್ಕೋಸ್ಕರವೇ ಬರುವವರು ಎಷ್ಟೋ ಜನ. ರಾತ್ರಿ ನಿದ್ದೆ ಬರುತ್ತೆ ಅನ್ನುತ್ತಾರೆ.


ಫಿಸಿಯೋಥೆರಪಿಸ್ಟ್, ಹಾಸನ

ಮೇಡಂ, ಬಿಟ್ಟದ್ದು ನನ್ನ ತಪ್ಪು. ಉತ್ಕಟಾಸನ ಅಂತ ಕರೆದರೆ ನಮ್ಮ ಮಾವ, ಅಜ್ಜಿಯರು ಬರುತ್ತಾರೆ ಅಂದರೆ ಹಾಗೇ ಕರೆಯೋಣ. ನಿಮ್ಮ ಎಚ್ಚರಿಕೆಯ ಮಾತುಗಳನ್ನು ಪ್ರತಿ ಯೋಗ ತರಗತಿಯ ಗೋಡೆಗೂ ಅಂಟಿಸಬೇಕು.


ಮೂಡಿಗೆರೆ ತೋಟದಿಂದ

ನಾನು ಬೇರೆ ಒಂದು ವಿಷಯ ಎತ್ತುತ್ತೇನೆ. ಇಲ್ಲಿ ಮಾತು ಪೂರ್ತಿ ಪೇಟೆಯದ್ದು. ನಮ್ಮ ಕಡೆ ತೋಟದ ಕೆಲಸದವರ ಲೈನ್ ಮನೆಗಳಲ್ಲಿ ಇರುವ ಹಿರಿಯ ಹೆಂಗಸರು ನಲವತ್ತು ವರ್ಷ ಕಾಫಿ ಕುಯ್ದವರು, ಸೌದೆ ಹೊತ್ತವರು. ಅವರ ಮುಂದೆ ವ್ಯಾಯಾಮ ಅಂದರೆ "ನಾವು ಮಾಡದೇ ಇರೋದಾ ಮಗಾ?" ಅನ್ನುತ್ತಾರೆ. ಅವರು ಹೇಳೋದು ನಿಜವೇ. ಆದರೆ ಅರವತ್ತು ದಾಟಿ ಕೆಲಸ ನಿಂತ ದಿನವೇ ಎಲ್ಲ ನಿಂತುಹೋಗುತ್ತೆ. ಬಾಗಿಲ ಮುಂದೆ ಎಲೆಅಡಿಕೆ ಹಾಕಿಕೊಂಡು ಕೂತರೆ ಸಂಜೆ ತನಕ ಅಲ್ಲೇ. ಎರಡು ವರ್ಷದಲ್ಲಿ ಕೋಲು ಹಿಡಿಯುತ್ತಾರೆ. ಇಷ್ಟು ದುಡಿದ ದೇಹ ಅಷ್ಟು ಬೇಗ ಸೋಲೋದು ನೋಡಿದರೆ ಹೊಟ್ಟೆ ಉರಿಯುತ್ತೆ.

ನಾವು ಎರಡು ಮೂರು ಸಲ ವ್ಯಾಯಾಮ ಮಾಡಿಸೋಕೆ ಹೋಗಿ ಸೋತೆವು. ಆಮೇಲೆ ಒಬ್ಬರು ಅಜ್ಜಿಯೇ "ಕೋಲಾಟ ಆಡೋಣ" ಅಂದರು. ಚಿಕ್ಕಂದಿನಲ್ಲಿ ಆಡಿದ್ದು ಅವರಿಗೆ ಮರೆತಿರಲಿಲ್ಲ. ಈಗ ಭಾನುವಾರ ಸಂಜೆ ಹನ್ನೊಂದು ಜನ ಆಡುತ್ತಾರೆ. ನಿಧಾನವಾಗಿ, ಪದ ಹೇಳಿಕೊಂಡು. ಕೂತು ನೋಡುವ ಇನ್ನೂ ಆರು ಜನ ಪದಕ್ಕೆ ದನಿ ಕೂಡಿಸುತ್ತಾರೆ. ಇದು ವ್ಯಾಯಾಮಕ್ಕೆ ಲೆಕ್ಕವಾ ಡಾಕ್ಟ್ರೇ?


ಫಿಸಿಯೋಥೆರಪಿಸ್ಟ್, ಹಾಸನ

ಲೆಕ್ಕವಾ ಅಂತ ಕೇಳುತ್ತೀರಾ! ಪಕ್ಕಕ್ಕೆ ಹೆಜ್ಜೆ, ಹಿಂದಕ್ಕೆ ಹೆಜ್ಜೆ, ತಿರುಗೋದು, ಎದುರಿನವರ ಕೋಲು ನೋಡೋದು, ಬಾಯಲ್ಲಿ ಪದ. ಕಾಲು ಒಂದು ಕೆಲಸ ಮಾಡುವಾಗ ತಲೆ ಇನ್ನೊಂದು ಮಾಡೋದು ಇದೆಯಲ್ಲ, ಬೀಳದೆ ಇರೋಕೆ ಅದೇ ಬೇಕು. ವಯಸ್ಸಾದವರು ಎಷ್ಟೋ ಸಲ ಬೀಳೋದು ನಡೆಯುತ್ತಾ ಮಾತಾಡುವಾಗ, ಥಟ್ಟನೆ ತಿರುಗುವಾಗ. ಕೋಲಾಟ ಅದನ್ನೇ ಆಟವಾಗಿ ಕಲಿಸುತ್ತೆ. ಅದರ ಜೊತೆ ವಾರಕ್ಕೆ ಎರಡು ದಿನ ಮನೆ ಜಗಲಿಯಿಂದ ಹತ್ತು ಸಲ ಎದ್ದು ಕೂರೋದು ಸೇರಿಸಿ. ನೆಲ ಒದ್ದೆ ಇದ್ದ ದಿನ ಆಡಿಸಬೇಡಿ.


ಬೇಲೂರಿನವನು, ಈಗ ಬೆಂಗಳೂರು

ಅಮ್ಮ ಊರಲ್ಲಿ ಒಬ್ಬರೇ ಇದ್ದಾರೆ, ಗುಂಪು ಅಂತ ಏನೂ ಇಲ್ಲ. ದಿನಾ ಸಂಜೆ ವಿಡಿಯೋ ಕಾಲ್ ಮಾಡುತ್ತೇನೆ. "ಊಟ ಆಯ್ತಾ" ಬಿಟ್ಟು ಮಾತೇ ಇರುತ್ತಿರಲಿಲ್ಲ. ಇದನ್ನು ಓದಿದ ಮೇಲೆ ನಾನೂ ಇಲ್ಲಿ ಕುರ್ಚಿ ಇಟ್ಟುಕೊಂಡು ಅವರ ಜೊತೆ ಎದ್ದು ಕೂರುತ್ತಿದ್ದೇನೆ. ಅವರು ಎಣಿಸುತ್ತಾರೆ. ಕುರ್ಚಿ ಗೋಡೆಗೆ ಒತ್ತಿದೆಯಾ ಅಂತ ದಿನಾ ತೋರಿಸಲು ಹೇಳುತ್ತೇನೆ. ಒಬ್ಬರೇ ಇರುವ ಹಿರಿಯರಿಗೆ ಏನಾದರೂ ತೊಂದರೆ ಇದ್ದರೆ 14567 ಅಂತ ಹಿರಿಯರ ಸಹಾಯವಾಣಿ ಇದೆ, ಅದನ್ನು ಅಮ್ಮನ ಫೋನಲ್ಲಿ ಹಾಕಿಕೊಟ್ಟಿದ್ದೇನೆ.


ನರ್ಸಮ್ಮ, ಸಕಲೇಶಪುರ

ಊಟದ ಬಗ್ಗೆ ಒಂದೇ ಮಾತು. ವ್ಯಾಯಾಮ ಮಾಡಿಸಿ ಬರೀ ಮುದ್ದೆ ಸಾರು ಹಾಕಿದರೆ ಖಂಡ ಎಲ್ಲಿಂದ ಬೆಳೆಯಬೇಕು? ನಮ್ಮ ಮನೆಗಳಲ್ಲಿ ಬಸ್ಸಾರು ಮಾಡಿದ ದಿನ ನೋಡಿ. ಕಾಳಿನ ಪಲ್ಯ ಮಕ್ಕಳಿಗೆ, ಗಂಡಸರಿಗೆ. ಹಲ್ಲು ಹೋದ ಅಜ್ಜಿಗೆ ತಿಳಿ ಸಾರು. ಪ್ರೋಟೀನ್ ಇರೋದು ಕಾಳಲ್ಲಿ. ನೂರು ಗ್ರಾಂ ಹುರುಳಿಕಾಳಲ್ಲಿ ಸುಮಾರು 22 ಗ್ರಾಂ. ವಯಸ್ಸಾದವರಿಗೆ ದಿನಕ್ಕೆ ತಮ್ಮ ತೂಕದ ಪ್ರತಿ ಕೆಜಿಗೆ 1ರಿಂದ 1.2 ಗ್ರಾಂ ಬೇಕು ಅನ್ನುತ್ತಾರೆ. 55 ಕೆಜಿ ಇದ್ದರೆ 55ರಿಂದ 66 ಗ್ರಾಂ. ಕಾಳನ್ನು ಮೆತ್ತಗೆ ಬೇಯಿಸಿ ಮಸೆದು ಕೊಡಿ. ಮೊಸರು, ತಿನ್ನುವವರಿಗೆ ಮೊಟ್ಟೆ. ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, ಮುದ್ದೆ ಬಿಡಬೇಡಿ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳಿಯೇ ಪ್ರೋಟೀನ್ ಹೆಚ್ಚಿಸಿ.


ಹಾಸನದ ಸೊಸೆ

ಮೂರು ವಾರ ಆಯಿತು, ಹೇಗೆ ನಡೆಯುತ್ತಿದೆ ಅಂತ ಹೇಳುತ್ತೇನೆ.

ಹೊತ್ತು ಸಂಜೆ ನಾಲ್ಕೂವರೆ. ಅತ್ತೆಯೇ ಹೇಳಿದ್ದು. "ಊಟದ ಪಾತ್ರೆ ಮುಗಿದಿರುತ್ತೆ, ದೀಪ ಹಚ್ಚೋ ಹೊತ್ತಾಗಿರಲ್ಲ. ಹೆಂಗಸ್ರಿಗೆ ಅಂತ ಇರೋದೇ ಆ ಒಂದು ಗಂಟೆ." ನಾನು ಬೆಳಗ್ಗೆ ಆರು ಗಂಟೆಗೆ ಅಂತ ಬರೆದು ಇಟ್ಟಿದ್ದೆ. ಹಾಗೇ ಮಾಡಿದ್ದರೆ ಒಬ್ಬ ಹೆಂಗಸೂ ಬರುತ್ತಿರಲಿಲ್ಲ. ಮೊದಲ ದಿನ ಒಂಬತ್ತು ಜನ, ಈಗ ಇಪ್ಪತ್ತೆರಡು. ಅದರಲ್ಲಿ ಹದಿನೈದು ಹೆಂಗಸರು. ಸೀರೆಯಲ್ಲೇ ಮಾಡುತ್ತಾರೆ, ನೆರಿಗೆ ಸ್ವಲ್ಪ ಎತ್ತಿ ಸಿಕ್ಕಿಸಿಕೊಳ್ಳಲು ಹೇಳಿದ್ದೇನೆ, ಕಾಲಿಗೆ ಸಿಕ್ಕಬಾರದು ಅಂತ. ಪಾರ್ಕಲ್ಲಿ ಗಂಡಸರ ಮುಂದೆ ಕೈಕಾಲು ಎತ್ತೋಕೆ ನಾಚಿಕೆ ಆಗುತ್ತಿತ್ತು ಅಂತ ಇಬ್ಬರು ಹೇಳಿದರು. ನಾಲ್ಕು ಗೋಡೆ ಒಳಗೆ ಆ ತೊಂದರೆ ಇಲ್ಲ.

ಭವನದ ಬೀಗದ ಕೈಗೆ ತುಂಬಾ ಓಡಾಡಿದೆ. ಒಬ್ಬರನ್ನು ಕೇಳಿದರೆ ಇನ್ನೊಬ್ಬರ ಕಡೆ ಕೈ ತೋರಿಸುತ್ತಿದ್ದರು. ಕೊನೆಗೆ ಏಳು ಜನ ಹಿರಿಯರೇ ಒಟ್ಟಿಗೆ ಹೋಗಿ ಕೂತರು. ಅವತ್ತೇ ಕೈ ಸಿಕ್ಕಿತು.

ಪ್ಲಾಸ್ಟಿಕ್ ಕುರ್ಚಿ ಇಟ್ಟು ಮೊದಲ ದಿನ ಹೆದರಿದೆವು. ಕಾಲು ಜಾರುತ್ತೆ. ಈಗ ಮರದ ಬೆಂಚನ್ನು ಗೋಡೆಗೆ ಒತ್ತಿ ಹಾಕಿದ್ದೇವೆ.


ರತ್ನಗಿರಿ ಬೋರೆ ವಾಕರ್, ಚಿಕ್ಕಮಗಳೂರು

ನೆಲದಿಂದ ಏಳೋದು ಕಲಿಸಿದಿರಾ? ನಮ್ಮ ಗುಂಪಿನಲ್ಲೂ ಎಲ್ಲರಿಗೂ ಅದೇ ಕುತೂಹಲ.


ಫಿಸಿಯೋಥೆರಪಿಸ್ಟ್, ಹಾಸನ

ಅದಕ್ಕೆ ಒಂದು ಕ್ರಮ ಇದೆ. ನಾನೇ ಹೋದ ವಾರ ಆ ಭವನಕ್ಕೆ ಹೋಗಿ ತೋರಿಸಿ ಬಂದೆ. ಚಾಪೆ ಮೇಲೆ ಮಲಗಿದ್ದೀರಿ ಅಂದುಕೊಳ್ಳಿ. ನೇರ ಏಳೋಕೆ ಹೋಗಬೇಡಿ. ಮೊದಲು ಒಂದು ಪಕ್ಕಕ್ಕೆ ಹೊರಳಿ. ಮೊಣಕೈ ಊರಿ, ಆಮೇಲೆ ಅಂಗೈ ಊರಿ ಎದ್ದು ಮಗು ಅಂಬೆಗಾಲು ಇಡುವ ಹಾಗೆ ಬನ್ನಿ. ಹತ್ತಿರದ ಗಟ್ಟಿ ಕುರ್ಚಿಗೋ ಮಂಚಕ್ಕೋ ಅಂಬೆಗಾಲಲ್ಲೇ ಹೋಗಿ. ಎರಡೂ ಕೈ ಅದರ ಮೇಲೆ. ಬಲ ಇರುವ ಕಾಲಿನ ಪಾದ ಮುಂದೆ ಊರಿ, ಕೈಯಿಂದ ಒತ್ತಿ ಏಳಿ, ತಿರುಗಿ ಕೂತುಕೊಳ್ಳಿ. ಎದ್ದ ಕೂಡಲೇ ನಡೆಯಬೇಡಿ, ಒಂದು ನಿಮಿಷ ಕೂರಿ. ನಿಜವಾಗಿ ಬಿದ್ದಾಗ ಮೊದಲು ಸುಮ್ನೆ ಮಲಗಿ, ಎಲ್ಲಿ ನೋವಿದೆ ನೋಡಿಕೊಳ್ಳಿ. ಸೊಂಟದಲ್ಲಿ ತೀರ ನೋವು, ಒಂದು ಕಾಲು ಗಿಡ್ಡ ಆದ ಹಾಗೆ, ಹೊರಕ್ಕೆ ತಿರುಗಿದ ಹಾಗೆ ಕಂಡರೆ ಏಳಲೇಬೇಡಿ, ಕೂಗಿ ಯಾರನ್ನಾದರೂ ಕರೆಯಿರಿ.

ಅಲ್ಲಿ ಒಬ್ಬರು ಅಜ್ಜಿ ಇದನ್ನು ಮೂರು ಸಲ ಮಾಡಿ, "ಇನ್ನು ಬಿದ್ದರೂ ಪರವಾಗಿಲ್ಲ" ಅಂದರು. ಆ ಧೈರ್ಯ ದೊಡ್ಡದು. ಬೀಳುವ ಭಯದಲ್ಲಿ ಓಡಾಟ ಕಡಿಮೆ ಮಾಡಿ, ಅದರಿಂದ ಕಾಲು ಸೋತು, ಆಮೇಲೆ ನಿಜವಾಗಿ ಬೀಳುವವರೇ ಹೆಚ್ಚು.


ಹಾಸನದ ಸೊಸೆ

ಹತ್ತು ವಾರ ಆಯಿತು. ಬೇಗ ಬೇಗ ಹೇಳಿ ಮುಗಿಸುತ್ತೇನೆ, ಭವನಕ್ಕೆ ಹೊರಡಬೇಕು.

ಅತ್ತೆಯ ಬಿಪಿ ಮಾತ್ರೆಯನ್ನು ಡಾಕ್ಟರು ಬದಲಾಯಿಸಿದರು. ರಾತ್ರಿ ಏಳುವಾಗ ಮಂಚದ ಅಂಚಲ್ಲಿ ಸ್ವಲ್ಪ ಹೊತ್ತು ಕೂತು ಏಳುತ್ತಾರೆ. ಕಣ್ಣು ಕತ್ತಲೆ ಬರೋದು ನಿಂತಿದೆ. ಕುರ್ಚಿ ಪರೀಕ್ಷೆಯಲ್ಲಿ 7 ಇದ್ದದ್ದು 11 ಆಗಿದೆ. ಪಕ್ಕದ ಬೀದಿಯ ಇಬ್ಬರನ್ನು ಅವರೇ ಹೋಗಿ ಕರೆತಂದರು. ಆ ಇಬ್ಬರಲ್ಲಿ ಒಬ್ಬರಿಗೂ ಮಣಿಕಟ್ಟು ಮುರಿದಿತ್ತು. ಇಬ್ಬರೂ ಈಗ ಅಕ್ಕತಂಗಿಯರ ಹಾಗೆ ಇದ್ದಾರೆ.

ಮಾವ ಪಾರ್ಕ್ ಬಿಟ್ಟಿಲ್ಲ. ಸಂಜೆ ಭವನಕ್ಕೂ ಬರುತ್ತಾರೆ. ಕುರ್ಚಿ ಹಿಡಿದು ನೆಲದಿಂದ ಏಳೋದು ಈಗ ಸಲೀಸು. ಏನೂ ಹಿಡಿಯದೆ ಏಳೋಕೆ ಇನ್ನೂ ಆಗಲ್ಲ. ಒಂದು ಕೈ ನೆಲಕ್ಕೆ, ಒಂದು ಕೈ ಮಂಡಿಗೆ ಊರಿ ಒಂದೊಂದು ಸಲ ಎದ್ದುಬಿಡುತ್ತಾರೆ, ಒಂದೊಂದು ಸಲ ಆಗಲ್ಲ. ಮುಂದಿನ ವಾರ ಅದೇ ಅರಕಲಗೂಡಿನ ನೆಂಟರ ಮನೆಯಲ್ಲಿ ಗೃಹಪ್ರವೇಶ. ನಿನ್ನೆ ರಾತ್ರಿ ಮಾವ ಅವರಿಗೆ ಫೋನ್ ಮಾಡಿ ಊಟ ಟೇಬಲ್ಲಾ, ಪಂಕ್ತಿಯಾ ಅಂತ ಕೇಳುತ್ತಿದ್ದರು.

ಮೂಡಿಗೆರೆಯವರೇ, ನಮ್ಮವರೆಲ್ಲ ಕೋಲಾಟ ಕಲಿಯಬೇಕು ಅಂತ ಹಿಡಿದಿದ್ದಾರೆ. ನಿಮ್ಮ ಅಜ್ಜಿಯರಲ್ಲಿ ಒಬ್ಬರು ಒಂದು ದಿನ ಹಾಸನಕ್ಕೆ ಬರೋಕೆ ಆಗುತ್ತಾ? ಬಸ್ಸಿನ ಖರ್ಚು, ಊಟ, ಉಳಿಯೋಕೆ ಮನೆ ಎಲ್ಲ ನಮ್ಮದು. ಕೋಲು ಎಷ್ಟು ಉದ್ದ ಇರಬೇಕು ಅಂತಲೂ ಹೇಳಿ, ಇಲ್ಲಿ ಮರಗೆಲಸದವರ ಹತ್ತಿರ ಮಾಡಿಸುತ್ತೇವೆ.


ಮೂಡಿಗೆರೆ ತೋಟದಿಂದ

ಮೂರು ಜನ ಹೊರಟು ನಿಂತಿದ್ದಾರೆ ಮೇಡಂ. ಕಾಫಿ ಕುಯ್ಲು ಮುಗಿಯಲಿ, ನಾನೇ ಜೀಪಲ್ಲಿ ಕರೆದುಕೊಂಡು ಬರುತ್ತೇನೆ. ಕೋಲು ಮಾಡಿಸಬೇಡಿ, ಇಲ್ಲಿಂದಲೇ ತರುತ್ತೇವೆ. ಎಷ್ಟು ಜೊತೆ ಬೇಕು ಅಂತ ಮಾತ್ರ ತಿಳಿಸಿ.